ಅಲೈನ್‌ಮೆಂಟ್ ಬಿಲ್ಲಿನೊಳಗೆ ಏನಿದೆ?

ಟೈರ್ ಅಂಗಡಿಗೆ ಕಾರು ಒಯ್ದರೆ ಕೆಲವು ನೂರು ರೂಪಾಯಿಗೆ ವೀಲ್ ಅಲೈನ್‌ಮೆಂಟ್ ಮುಗಿಯುತ್ತದೆ. ಪಕ್ಕದಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲಿನ ಕೆಂಪು ಅಂಕಿಗಳು ಹಸಿರಾಗಿರುತ್ತವೆ. ಅದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಬೇಕು, ಸೆಟಪ್ ಮಾಡಿಕೊಡಿ ಅಂದರೆ ಮಾತು ಸಾವಿರಗಳಿಗೆ ಹೋಗುತ್ತದೆ. ಕಾರು ಇಡೀ ದಿನ ಇಲ್ಲೇ ಇರಲಿ ಅನ್ನುತ್ತಾರೆ. ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸಲು ಬಿಡುವ ದಿನ) ಮಾಮೂಲಾಗಿರುವ ಅಮೆರಿಕ, ಬ್ರಿಟನ್‌ಗಳಲ್ಲೂ ಪೂರ್ತಿ ಸೆಟಪ್‌ಗೆ ನೂರಾರು ಡಾಲರ್, ಪೌಂಡ್ ಬೀಳುತ್ತದೆ. ‘ಮಷಿನ್ ಅದೇ, ಸ್ಪ್ಯಾನರ್ ಅದೇ, ಸುಮ್ನೆ ಸುಲಿಗೆ’ ಎಂಬ ಮಾತು ಕಾರು ಹುಚ್ಚಿನವರ ನಡುವೆ ಆಗಾಗ ಬರುತ್ತದೆ. ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಆ ಬಿಲ್ಲಿನ ಹಿಂದಿರುವ ಭೌತಶಾಸ್ತ್ರ ಬಹಳ ಚೆಂದ. ಅದನ್ನು ನೋಡದೆ ಬೈದುಬಿಡುತ್ತಾರೆ.

ಮೊದಲು ಆ ಕಡಿಮೆ ದುಡ್ಡಿನ ಕೆಲಸದಲ್ಲಿ ಏನಾಗುತ್ತದೆ ನೋಡಿ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳ ಟೋ ಎಂಬ ಕೋನ ಒಂದನ್ನೇ ಹೊಂದಿಸಲು ಬರುತ್ತದೆ. ಟೈ ರಾಡ್‌ನ ನಟ್ ಸಡಿಲಿಸಿ, ರಾಡ್ ತಿರುಗಿಸಿ, ಮತ್ತೆ ಬಿಗಿ ಮಾಡಿದರೆ ಆಯಿತು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ), ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ವಾಲಿರುವ ಕೋನ) ಅಂಕಿಗಳು ಪರದೆಯಲ್ಲಿ ಕಾಣುತ್ತವೆ ಅಷ್ಟೇ, ಅವನ್ನು ಬದಲಿಸಲು ಕಾರಿನಲ್ಲಿ ಜಾಗವೇ ಇರುವುದಿಲ್ಲ. ಸ್ವಿಫ್ಟ್, ಪೋಲೋದಂಥ ಕಾರುಗಳ ಹಿಂಭಾಗದಲ್ಲಿ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ ಒಂದು ಅಡ್ಡ ತೊಲೆ, ಟಾರ್ಷನ್ ಬೀಮ್. ಅಲ್ಲಿ ಕೋನ ಬದಲಿಸಬೇಕಾದರೆ ಹಬ್ ಹಿಂದೆ ತೆಳು ಶಿಮ್ (ತಗಡಿನ ಬಿಲ್ಲೆ) ಇಡಬೇಕು. ಇನ್ನು ಆ ಹಸಿರು ಬಣ್ಣ. ಕಂಪನಿ ಹೇಳಿದ ಮಿತಿಯೊಳಗೆ ಇದೆ ಎಂಬುದಷ್ಟೇ ಅದರ ಅರ್ಥ. ಆ ಮಿತಿಯನ್ನು ಕಂಪನಿ ಗೊತ್ತುಮಾಡಿರುವುದು ಟೈರು ಬಾಳಿಕೆ ಬರಲಿ ಎಂದು, ಮನೆಮಂದಿ ಕೂತು ಊರಿಗೆ ಹೋಗುವ ಕಾರು ನೆಟ್ಟಗೆ ಓಡಲಿ ಎಂದು.

ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು. 600 ಮಿ.ಮೀ. ವ್ಯಾಸದ ಟೈರಿನಲ್ಲಿ 0.1 ಡಿಗ್ರಿ ಟೋ ಅಂದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಬರೀ 1 ಮಿ.ಮೀ. ವ್ಯತ್ಯಾಸ. ಇಷ್ಟಕ್ಕೇ ಆ ಟೈರು ಪ್ರತಿ ಕಿಲೋಮೀಟರಿಗೆ ಸುಮಾರು 1.7 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಬೆಂಗಳೂರಿನ ಟ್ರ್ಯಾಕ್ ಹುಚ್ಚಿನವರು ಹೆಚ್ಚಾಗಿ ಶ್ರೀಪೆರಂಬುದೂರಿನ ಬಳಿಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರಲ್ಲ, ಅವರು ಕಾರನ್ನು ಓಡಿಸಿಕೊಂಡೇ ಹೋದರೆ 300 ಕಿಲೋಮೀಟರಿನ ದಾರಿಯಲ್ಲಿ ಟೈರು ಅಡ್ಡಕ್ಕೆ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಉಜ್ಜಿರುತ್ತದೆ. ಟ್ರ್ಯಾಕ್ ಇನ್ನೂ ಬಂದೇ ಇಲ್ಲ!

ಚಕ್ರ ಯಾವ ಕಡೆಗೆ ಮುಖ ಮಾಡಬೇಕು ಎಂಬ ತಲೆನೋವು ಕಾರಿಗಿಂತ ಹಳೆಯದು. ಇಂಗ್ಲೆಂಡಿನ ಲಿಚ್‌ಫೀಲ್ಡ್‌ನಲ್ಲಿ ವೈದ್ಯನಾಗಿದ್ದ ಇರಾಸ್ಮಸ್ ಡಾರ್ವಿನ್ ರೋಗಿಗಳನ್ನು ನೋಡಲು ಕುದುರೆ ಗಾಡಿಯಲ್ಲಿ ಊರೂರು ಸುತ್ತುತ್ತಿದ್ದ. ಇವನು ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನ ಅಜ್ಜ. ಆಗಿನ ಗಾಡಿಗಳಲ್ಲಿ ಮುಂದಿನ ಇರುಸು ಇಡಿಯಾಗಿ ತಿರುಗುತ್ತಿತ್ತು. ಜೋರಾಗಿ ತಿರುಗಿಸಿದರೆ ಗಾಡಿ ಮಗುಚುತ್ತಿತ್ತು. 1750ರ ದಶಕದ ಕೊನೆಯಲ್ಲೇ ಅವನು ಎರಡು ಚಕ್ರವೂ ತಂತಮ್ಮ ಜಾಗದಲ್ಲೇ, ಬೇರೆ ಬೇರೆ ಕೋನದಲ್ಲಿ (ಒಳಚಕ್ರ ಹೆಚ್ಚು, ಹೊರಚಕ್ರ ಕಡಿಮೆ) ತಿರುಗುವ ಏರ್ಪಾಡು ಯೋಚಿಸಿದ್ದ. ಪೇಟೆಂಟ್ ಮಾಡಿಸಲಿಲ್ಲ. ಇಷ್ಟು ಯೋಚಿಸಿದವನೂ 1768ರಲ್ಲಿ ಗಾಡಿ ಅಪಘಾತದಲ್ಲಿ ಮೊಣಕಾಲ ಚಿಪ್ಪು ಮುರಿದುಕೊಂಡ. ಮುಂದೆ ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್‌ಸ್ಪರ್ಗರ್ ಅದೇ ಉಪಾಯವನ್ನು ತಾನಾಗಿ ಕಂಡುಕೊಂಡ. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಚಿತ್ರ ಮುದ್ರಿಸಿ ಮಾರುತ್ತಿದ್ದ ರುಡಾಲ್ಫ್ ಆಕರ್ಮನ್. ಹೆಸರು ಉಳಿದದ್ದು ಆಕರ್ಮನ್‌ದೇ. ತಮಾಷೆ ಏನೆಂದರೆ, ಆ ಲೆಕ್ಕವೆಲ್ಲ ಸ್ವಲ್ಪವೂ ಜಾರದ ಚಕ್ರಕ್ಕೆ. ರಬ್ಬರ್ ಟೈರು ತಾನು ನೋಡುವ ದಿಕ್ಕಿಗೂ ಹೋಗುವ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇದ್ದಾಗಲೇ ತಿರುವಿನಲ್ಲಿ ಪೂರ್ತಿ ಹಿಡಿತ ಕೊಡುವುದು. ಹಾಗಾಗಿ ಕೆಲವು ರೇಸ್ ಕಾರುಗಳಲ್ಲಿ ಆಕರ್ಮನ್ ಲೆಕ್ಕವನ್ನು ಬೇಕೆಂದೇ ಉಲ್ಟಾ ಮಾಡಿರುತ್ತಾರೆ.

ಕ್ಯಾಂಬರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ. ನಮ್ಮ ಕಾರುಗಳ ಮುಂದೆ ಇರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಷನ್ ಅಗ್ಗ, ಗಟ್ಟಿ, ಜಾಗ ಉಳಿಸುತ್ತದೆ. ಆದರೆ ಬಾಡಿ ವಾಲಿದರೆ ಚಕ್ರವೂ ಹೆಚ್ಚುಕಡಿಮೆ ಅದರ ಜೊತೆಗೇ ವಾಲಿ, ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಅದಕ್ಕೇ ಟ್ರ್ಯಾಕ್‌ಗೆ ಹೋಗುವವರು ಚಕ್ರದ ತಲೆಯನ್ನು ಮೊದಲೇ ಎರಡೂವರೆ ಮೂರು ಡಿಗ್ರಿ ಒಳಕ್ಕೆ ವಾಲಿಸಿಟ್ಟಿರುತ್ತಾರೆ. ಇದೇ ನೆಗೆಟಿವ್ ಕ್ಯಾಂಬರ್. ಇದಕ್ಕೆ ಕ್ಯಾಂಬರ್ ಬೋಲ್ಟ್ ಅಥವಾ ಕ್ಯಾಂಬರ್ ಪ್ಲೇಟ್ ಹಾಕಬೇಕು. ಬಿಲ್ಲು ಇಲ್ಲಿಂದ ಏರಲು ಶುರು.

ಈಗ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ಮಾತಿಗೆ ಬರೋಣ. ‘ಸ್ಪ್ರಿಂಗ್ ಗಟ್ಟಿ ಮಾಡಿಸಿದೆ, ಈಗ ಭಾರ ಒಂದು ಕಡೆಗೆ ಹೋಗುವುದಿಲ್ಲ.’ ಹೋಗುತ್ತದೆ ಸ್ವಾಮಿ, ಅಷ್ಟೇ ಹೋಗುತ್ತದೆ! ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಎಷ್ಟು ಭಾರ ದಾಟುತ್ತದೆ ಎಂಬುದನ್ನು ನಾಲ್ಕು ಸಂಗತಿ ನಿರ್ಧರಿಸುತ್ತವೆ: ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ, ಎಷ್ಟು ಜೋರಾಗಿ ತಿರುಗುತ್ತಿದ್ದೀರಿ ಎಂಬುದು. ಚಾಲಕ ಸೇರಿ 1100 ಕಿಲೋ ತೂಗುವ ಕಾರು, ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ, ಅಗಲ 1.45 ಮೀಟರ್, ಪಕ್ಕಕ್ಕೆ 1 ಜಿ (ಕಾರಿನ ತೂಕದಷ್ಟೇ) ಬಲ ಅಂತಿಟ್ಟುಕೊಳ್ಳಿ. ಸುಮಾರು 380 ಕಿಲೋ ಭಾರ ಹೊರಗಿನ ಚಕ್ರಗಳಿಗೆ ದಾಟುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲೂ ಇಲ್ಲ, ಗಮನಿಸಿದಿರಾ? ಕಾರನ್ನು 30 ಮಿ.ಮೀ. ತಗ್ಗಿಸಿದರೂ ಇದರಲ್ಲಿ ಕಡಿಮೆಯಾಗುವುದು 20 ಚಿಲ್ಲರೆ ಕಿಲೋ ಮಾತ್ರ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವವರು ಇನ್ನೊಂದು ತಿಳಿದಿರಲಿ. ಮ್ಯಾಕ್‌ಫರ್ಸನ್ ಕಾರು ತಗ್ಗಿದಾಗ ಅದು ವಾಲುವ ಕೇಂದ್ರ ಇನ್ನೂ ಬೇಗ ಕೆಳಗಿಳಿಯುತ್ತದೆ. ಹಾಗಾಗಿ ಕಾರನ್ನು ವಾಲಿಸುವ ಸನ್ನೆ ಇನ್ನೂ ಉದ್ದವಾಗಿ, ವಾಲಾಟ ಹೆಚ್ಚೇ ಆಗಬಹುದು.

ಹಾಗಾದರೆ ಗಟ್ಟಿ ಸ್ಪ್ರಿಂಗ್, ಆಂಟಿ ರೋಲ್ ಬಾರ್ (ಎಡಬಲ ಚಕ್ರಗಳನ್ನು ಜೋಡಿಸಿ ವಾಲಾಟ ತಗ್ಗಿಸುವ ಸರಳು) ಎಲ್ಲ ದಂಡವೇ? ಅಲ್ಲ. ಅವು ಆ 380 ಕಿಲೋವನ್ನು ಮುಂದಿನ ಆಕ್ಸಲ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಹಂಚುತ್ತವೆ. ಅದು ಯಾಕೆ ಮುಖ್ಯ ಅಂದರೆ, ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಒಂದು ಜೋಡಿ ಟೈರುಗಳ ಮೇಲೆ 300, 300 ಕಿಲೋ ಇದ್ದಾಗ ಒಟ್ಟು 600 ಕಿಲೋದಷ್ಟು ಹಿಡಿತ ಸಿಗುತ್ತಿದೆ ಅನ್ನಿ. ಅದೇ ಭಾರ 500, 100 ಎಂದು ಹಂಚಿಹೋದರೆ ಹಿಡಿತ 560ಕ್ಕೆ ಇಳಿಯಬಹುದು. ಯಾವ ಆಕ್ಸಲ್‌ನಲ್ಲಿ ಎಡಬಲದ ಅಂತರ ಜಾಸ್ತಿಯೋ ಆ ತುದಿ ಮೊದಲು ಜಾರುತ್ತದೆ. ಮುಂದಿನ ಚಕ್ರದಿಂದ ಓಡುವ ಹ್ಯಾಚ್‌ಬ್ಯಾಕ್‌ಗಳು ತಿರುವಿನಲ್ಲಿ ಒಳಗಿನ ಹಿಂಚಕ್ರ ಎತ್ತಿಕೊಂಡಿರುವ ಫೋಟೋ ನೋಡಿರುತ್ತೀರಿ. ಅದು ಕೆಟ್ಟ ಸೆಟಪ್ ಅಲ್ಲ. ಹಿಂಭಾಗ ಬೇಕೆಂದೇ ಹೆಚ್ಚು ಪಾಲು ಹೊತ್ತು, ಮುಂದಿನ ಟೈರುಗಳಿಗೆ ಉಸಿರು ಬಿಡಲು ಜಾಗ ಕೊಡುತ್ತಿದೆ.

ಇನ್ನು ನಾಲ್ಕು ಚಕ್ರಗಳ ಮೇಲೆ ಬೀಳುವ ತೂಕ. ದರ್ಶಿನಿಯಲ್ಲಿ ಕುಂಟುವ ಟೇಬಲ್‌ನ ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟು ನೋಡಿ. ಆ ಕಾಲಿನ ಮೇಲೂ ಅದರ ಮೂಲೆಗೆದುರಿನ ಕಾಲಿನ ಮೇಲೂ ಭಾರ ಏರುತ್ತದೆ, ಉಳಿದೆರಡರ ಮೇಲೆ ಇಳಿಯುತ್ತದೆ. ಕಾರೂ ಅಷ್ಟೇ. ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿದಾಗ ಮುಂದಿನ ಎಡ 300, ಮುಂದಿನ ಬಲ 360, ಹಿಂದಿನ ಎಡ 215, ಹಿಂದಿನ ಬಲ 175 ಕಿಲೋ ಬಂತು ಅನ್ನಿ. ಮುಂದಿನ ಬಲ, ಹಿಂದಿನ ಎಡ ಸೇರಿದರೆ ಒಟ್ಟು 1050ರಲ್ಲಿ 575, ಅಂದರೆ ಸುಮಾರು 55 ಶೇಕಡಾ. ಈ ಕಾರು ಎಡಕ್ಕೆ ತಿರುಗುವಾಗ ಮೂಗು ಹೊರಕ್ಕೆ ಜಾರುತ್ತದೆ, ಬಲಕ್ಕೆ ತಿರುಗುವಾಗ ಬಾಲ ಬೀಸುತ್ತದೆ. ಅಮೆರಿಕದ ನ್ಯಾಸ್ಕಾರ್ ರೇಸಿನ ಓವಲ್ (ಅಂಡಾಕಾರದ) ಟ್ರ್ಯಾಕ್‌ಗಳಲ್ಲಿ ಬರೀ ಎಡಕ್ಕೇ ತಿರುಗುವುದರಿಂದ ಅವರಿಗೆ ಈ ಅಸಮ ಬೇಕು. ಪಿಟ್‌ಗೆ (ರೇಸಿನ ನಡುವೆ ಕಾರು ನಿಲ್ಲಿಸುವ ಜಾಗಕ್ಕೆ) ಬಂದಾಗ ಹಿಂದಿನ ಗಾಜಿನೊಳಗೆ ಉದ್ದನೆ ಸ್ಪ್ಯಾನರ್ ತೂರಿಸಿ ಸುತ್ತು ಕೊಡುವುದು ಇದಕ್ಕೇ. ನಮಗೆ ಎರಡೂ ಕಡೆ ತಿರುವುಗಳಿರುವುದರಿಂದ 50ರ ಹತ್ತಿರ ತರಬೇಕು. ಸ್ಪ್ರಿಂಗ್ ಕೂರುವ ತಟ್ಟೆಗಳನ್ನು ತಿರುಗಿಸಿ 325, 335, 190, 200ಕ್ಕೆ ತಂದರೆ ಸರಿ. ಮುಂದಿನ ಒಟ್ಟು, ಎಡದ ಒಟ್ಟು ಬದಲಾಗಿಲ್ಲ ನೋಡಿ. ಅವನ್ನು ಬದಲಿಸಲು ಬ್ಯಾಟರಿಯಂಥ ವಸ್ತುವನ್ನೇ ಬೇರೆ ಕಡೆ ಇಡಬೇಕು.

ಇಲ್ಲೇ ದಿನ ಕಳೆಯುವುದು. ಎತ್ತರ ಬದಲಾದರೆ ಕ್ಯಾಂಬರ್ ಬದಲಾಗುತ್ತದೆ. ಕ್ಯಾಂಬರ್ ಮುಟ್ಟಿದರೆ ಟೋ ಕದಲುತ್ತದೆ. ಒಂದೊಂದು ಬದಲಾವಣೆಗೂ ಕಾರನ್ನು ಮುಂದೆ ಹಿಂದೆ ಉರುಳಿಸಿ, ಕುಲುಕಿ, ಮತ್ತೆ ಅಳೆಯಬೇಕು. ತೂಕ ನೋಡುವಾಗ ಆಂಟಿ ರೋಲ್ ಬಾರ್ ಕಳಚಿರಬೇಕು, ಸೀಟಿನಲ್ಲಿ ಚಾಲಕನೋ ಅಷ್ಟೇ ತೂಕದ ಮರಳು ಮೂಟೆಯೋ ಇರಬೇಕು, ಟ್ಯಾಂಕಿನಲ್ಲಿ ಓಡಿಸುವಾಗ ಇರುವಷ್ಟೇ ಪೆಟ್ರೋಲ್ ಇರಬೇಕು. ನೆಲದ ಕಥೆ ಇನ್ನೂ ಬೇರೆ. ಚಕ್ರದ ಬಳಿ 1 ಮಿ.ಮೀ. ಕುಗ್ಗಿಸಲು 8 ಕಿಲೋ ಬೇಕಾಗುವ ಸ್ಪ್ರಿಂಗ್ ಇರುವ ಕಾರಿನಲ್ಲಿ, ಒಂದು ತಕ್ಕಡಿ 5 ಮಿ.ಮೀ. ಎತ್ತರ ಇದ್ದರೆ ಸಾಕು, ನಾಲ್ಕೂ ಮೂಲೆಯಲ್ಲಿ 10 ಕಿಲೋ ಸುಳ್ಳು ತೋರಿಸುತ್ತದೆ. ನಮ್ಮ ಗ್ಯಾರೇಜುಗಳ ನೆಲ ನೀರು ಹರಿಯಲಿ ಎಂದೇ ವಾಟ ಕೊಟ್ಟು ಕಟ್ಟಿದ್ದು! ಒಳ್ಳೆಯ ಸೆಟಪ್ ಅಂಗಡಿಯಲ್ಲಿ ದುಡ್ಡು ಹೋಗಿರುವುದು ಅಳೆಯುವ ಮಷಿನ್ನಿಗಷ್ಟೇ ಅಲ್ಲ, ಸಮತಟ್ಟಾದ ನೆಲಕ್ಕೂ.

ಬೇರೆಯವರ ಕಾರಿನ ಅಂಕಿಗಳನ್ನು ನೆಟ್‌ನಿಂದ ತಂದು ‘ಇದನ್ನೇ ಹಾಕಿ’ ಅನ್ನುವುದು ನನ್ನ ಪ್ರಕಾರ ನಿಂಬೆಹಣ್ಣು ಕಟ್ಟುವುದಕ್ಕಿಂತ ದೊಡ್ಡ ಮೂಢನಂಬಿಕೆ. ಅವರ ಟೈರು ಬೇರೆ, ಸ್ಪ್ರಿಂಗ್ ಬೇರೆ, ಚಾಲಕನ ಹೊಟ್ಟೆ ಬೇರೆ. ನಿಮ್ಮ ಕಾರಿನ ಉತ್ತರ ನಿಮ್ಮ ಟೈರಿನಲ್ಲೇ ಇರುತ್ತದೆ. ನಾಲ್ಕೈದು ಸುತ್ತು ಜೋರಾಗಿ ಓಡಿಸಿ ಪಿಟ್‌ಗೆ ಬಂದ ತಕ್ಷಣ ಟೈರಿನ ಒಳ, ನಡು, ಹೊರ ಭಾಗದ ಬಿಸಿ ಅಳೆಯಿರಿ. ಹೊರ ಅಂಚೇ ತುಂಬಾ ಬಿಸಿಯಾಗಿದ್ದರೆ ಇನ್ನಷ್ಟು ನೆಗೆಟಿವ್ ಕ್ಯಾಂಬರ್ ಬೇಕು. ನಡು ಬಿಸಿಯಾಗಿದ್ದರೆ ಗಾಳಿ ಜಾಸ್ತಿ.

ಹೊಸದಾಗಿ ಟ್ರ್ಯಾಕ್‌ಗೆ ಇಳಿಯುವವರು ತೂಕ ಹೊಂದಿಸಲು ದುಡ್ಡು ಸುರಿಯಬೇಕಿಲ್ಲ. ಎತ್ತರ ಹೊಂದಿಸುವ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಇಲ್ಲದ ಕಾರಿನಲ್ಲಿ ಅದು ಆಗುವ ಕೆಲಸವೂ ಅಲ್ಲ. ಕ್ಯಾಂಬರ್ ಬೋಲ್ಟ್ ಹಾಕಿಸಿ, ಟೋ ಸೊನ್ನೆಗೆ ತನ್ನಿ, ಗಾಳಿ ನೋಡುತ್ತಿರಿ. ಟೋವನ್ನು ಮನೆಯಲ್ಲೇ ಅಳೆಯಬಹುದು: ಕಾರಿನ ಎರಡೂ ಬದಿಗೆ ಸ್ಟ್ಯಾಂಡ್ ಇಟ್ಟು, ಕಾರಿಗೆ ಸಮಾನಾಂತರವಾಗಿ ದಾರ ಎಳೆದು ಕಟ್ಟಿ, ರಿಮ್‌ನ ಎರಡು ಅಂಚಿಗೂ ದಾರಕ್ಕೂ ಇರುವ ದೂರವನ್ನು ಸ್ಟೀಲ್ ಸ್ಕೇಲಿನಲ್ಲಿ ನೋಡಿದರಾಯಿತು. ರೇಸ್ ತಂಡಗಳು ಇವತ್ತಿಗೂ ಟ್ರ್ಯಾಕ್ ಪಕ್ಕದಲ್ಲಿ ಹೀಗೇ ಅಳೆಯುತ್ತವೆ. ಕಾಯಿಲೋವರ್ ಹಾಕಿಸಿದ ಮೇಲೆ ಅಂಗಡಿಗೆ ಕೊಡುವುದಾದರೆ ಮೊದಲಿನ ಮತ್ತು ನಂತರದ ತೂಕಗಳ ಹಾಳೆ ಕೇಳಿ. ನಿಮ್ಮ ತೂಕ ಎಷ್ಟು ಎಂದು ಕೇಳದೆಯೇ ಕಾರನ್ನು ತಕ್ಕಡಿಗೆ ಹತ್ತಿಸುವವರಿದ್ದರೆ ಕೀ ವಾಪಸ್ ತೆಗೆದುಕೊಳ್ಳಿ.