ಹಬ್ ನಟ್‌ಗೆ ಎರಡು ಅಳತೆ

ನಮ್ಮ ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗ ಒಂದು ದಿನ ಚಕ್ರದ ನಡುಭಾಗವಾದ ಹಬ್ ಅನ್ನು ಶಾಫ್ಟ್‌ಗೆ ಬಿಗಿಯುವ ಹಬ್ ನಟ್‌ನ ಪ್ಯಾಕೆಟ್ ಹಿಡಿದುಕೊಂಡು ಬಂದ. "ಅಣ್ಣ, ಇದರ ಮೇಲೆ ಎಂ22 ಅಂತ ಬರೆದಿದೆ. 22ರ ಸಾಕೆಟ್ ಕೂರ್ತಾನೇ ಇಲ್ಲ" ಅಂದ. ತಪ್ಪು ಅವನದಲ್ಲ. ನಟ್‌ಗೆ ಎರಡು ಅಳತೆ ಇರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಪ್ಯಾಕೆಟ್ ಮೇಲಿನ 22 ಮಿ.ಮೀ. ಒಳಗಿನ ಥ್ರೆಡ್‌ನದು. ಸಾಕೆಟ್ ಹಿಡಿಯುವುದು ಹೊರಗಿನ ಆರು ಮುಖಗಳನ್ನು. ಎದುರುಬದುರು ಮುಖಗಳ ನಡುವಿನ ಅಂತರವೇ ಸಾಕೆಟ್‌ನ ಸೈಜು. ಥ್ರೆಡ್ 22 ಇರುವ ನಟ್‌ಗೆ ಹೊರಗೆ 30 ಇರಬಹುದು, 32 ಕೂಡ ಇರಬಹುದು.

ಇದರಲ್ಲಿ ಇನ್ನೊಂದು ತೊಡಕಿದೆ. ಹಳೆ ನಟ್ ಬಿಚ್ಚಿದ ಸಾಕೆಟ್ ಹೊಸ ನಟ್‌ಗೆ ಹೊಂದಲೇಬೇಕು ಅಂತಿಲ್ಲ. ಬೇರೆ ಕಂಪನಿಯ ಬೇರಿಂಗ್ ಕಿಟ್ ತಂದರೆ ಅದರೊಳಗಿನ ನಟ್‌ನ ಥ್ರೆಡ್ ಸರಿಯಾಗೇ ಇರುತ್ತದೆ, ಹೊರಗಿನ ಸೈಜು ಮಾತ್ರ ಬೇರೆ ಇರಬಹುದು. ಕಾರು ಜಾಕ್ ಮೇಲೆ, ಬೇರಿಂಗ್ ಒಳಗೆ, ಭಾನುವಾರ ಸಂಜೆ. ಆಗ ಇದು ಗೊತ್ತಾದರೆ ಏನು ಮಾಡುತ್ತೀರಿ? ಅದಕ್ಕೇ ನಾನು ಹೊಸ ನಟ್ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟುವುದಿಲ್ಲ. ಬಂದ ಮೇಲೆ ಎರಡಕ್ಕೂ ವರ್ನಿಯರ್ ಹಿಡಿದು ಹೊರಗಿನ ಸೈಜು ಅಳೆಯುತ್ತೇನೆ.

ಹಳೆಯದನ್ನೇ ಹಾಕಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅದು ನಟ್‌ನ ಜಾತಿಯ ಮೇಲೆ ಹೋಗುತ್ತದೆ. ಕೋಟೆಯ ತೆನೆಯ ಹಾಗೆ ಸೀಳಿರುವ ನಟ್ ಚೆನ್ನಾಗಿದ್ದರೆ ಮತ್ತೆ ಹಾಕಬಹುದು, ನಟ್ ತಿರುಗದ ಹಾಗೆ ತಡೆಯುವ ಅದರ ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಬೇಕು. ಮಾಜ್ದಾ ಮಿಯಾಟಾದಂಥ ಕಾರುಗಳಲ್ಲಿ ನಟ್‌ನ ತೆಳು ಅಂಚನ್ನು ಶಾಫ್ಟ್‌ನ ಕೊರಕಲಿಗೆ ಬಡಿದು ಬಗ್ಗಿಸಿರುತ್ತಾರೆ. ಒಮ್ಮೆ ಬಗ್ಗಿದ ಅಂಚು ನೆಟ್ಟಗೆ ಮಾಡಿದರೆ ಸೀಳು ಬಿಡುತ್ತದೆ. ಇನ್ನು ಕೆಲವು ನಟ್‌ಗಳಿಗೆ ಹಿಡಿತ ಬರಲಿ ಅಂತ ತುದಿಯನ್ನು ಸ್ವಲ್ಪ ಚಪ್ಪಟೆ ಮಾಡಿರುತ್ತಾರೆ. ಒಮ್ಮೆ ಬಿಚ್ಚಿದರೆ ಆ ಹಿಡಿತ ಮೊದಲಿನ ಹಾಗೆ ಇರುವುದಿಲ್ಲ. ಈ ಎರಡು ಜಾತಿಗೂ ಹೊಸ ನಟ್ಟೇ ಹಾಕಿ. ಚಕ್ರವನ್ನು ಹಿಡಿದಿರುವುದು ಅದೇ.

ಇಂಗ್ಲೆಂಡಿನ ಹಳೆ ಕಾರು ಬಂದರೆ ಮಿಲಿಮೀಟರ್ ಲೆಕ್ಕ ಮರೆಯಬೇಕು. ಎಂಜಿಬಿ ಅನ್ನುವ ಚಂದದ ಪುಟ್ಟ ಸ್ಪೋರ್ಟ್ಸ್ ಕಾರನ್ನು 1962ರಿಂದ 1980ರವರೆಗೆ ಆಬಿಂಗ್ಡನ್‌ನಲ್ಲಿ ಮಾಡಿದರು. ಅದರ ಕೊಳವೆಯಂಥ ಟ್ಯೂಬ್ ಆ್ಯಕ್ಸಲ್‌ನ ಹಿಂದಿನ ಹಬ್ ನಟ್ 1 5/16 ಇಂಚು, ಅಂದರೆ 33.34 ಮಿ.ಮೀ. ನಮ್ಮ ಸೆಟ್‌ನಲ್ಲಿರುವ 33 ಅದರ ಮೇಲೆ ಕೂರುವುದೇ ಇಲ್ಲ. 34 ಕೂರುತ್ತದೆ, ಆದರೆ ಸುಮಾರು 0.66 ಮಿ.ಮೀ.ನಷ್ಟು ಸಡಿಲ. ಅಷ್ಟು ಸಡಿಲದಲ್ಲಿ ಉದ್ದನೆ ಪೈಪ್ ಹಾಕಿ ಎಳೆದರೆ ಮೂಲೆಗಳು ಸವೆದು ನಟ್ ಉರುಟಾಗುತ್ತದೆ. ನನ್ನ ಹತ್ತಿರ ಬಂದ ಒಂದು ಎಂಜಿಬಿಯಲ್ಲಿ ಹೀಗೇ ಆಗಿತ್ತು. ಆಮೇಲೆ ಯಾರೋ ಉಳಿ ಇಟ್ಟು ಹೊಡೆದಿದ್ದರು. ಒಂದು ಮುಖ ಪೂರ್ತಿ ಹೋಗಿತ್ತು, ಥ್ರೆಡ್‌ಗೂ ಏಟು ಬಿದ್ದಿತ್ತು. ಅರವತ್ತು ವರ್ಷದ ಶಾಫ್ಟ್‌ಗೆ ಆದ ಆ ಗಾಯ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಹಾಗಂತ ಎಲ್ಲ ಇಂಚಿನ ನಟ್‌ಗೂ ಇಂಚಿನ ಸಾಕೆಟ್ಟೇ ಬೇಕು ಅಂತಿಲ್ಲ. 1 1/4 ಇಂಚು ಅಂದರೆ 31.75 ಮಿ.ಮೀ. ಅದಕ್ಕೆ ಆರು ಮೂಲೆಯ 32ರ ಸಾಕೆಟ್ ಧೈರ್ಯವಾಗಿ ಹಾಕಬಹುದು. 1 5/16ಕ್ಕೆ ಮಾತ್ರ ಅಂಥ ನೆಂಟ ಇಲ್ಲ. ಬೆಂಗಳೂರಿನವರು ಎಸ್‌ಜೆಪಿ ರಸ್ತೆಯಲ್ಲಿ ಹುಡುಕಿ, ಇಲ್ಲದಿದ್ದರೆ ತರಿಸಿಕೊಳ್ಳಿ. ತರಿಸುವಾಗ ಉದ್ದನೆಯ ಸಾಕೆಟ್ ಕೇಳಿ, ಶಾಫ್ಟ್‌ನ ತುದಿ ನಟ್‌ನಿಂದ ಹೊರಗೆ ಬಂದಿರುತ್ತದೆ. ಕಡ್ಡಿ ಚಕ್ರದ ಕಾರಾದರೆ ನಟ್ ಹಬ್‌ನ ಒಳಗೆ ಆಳದಲ್ಲಿರುತ್ತದೆ. ಅಲ್ಲಿ ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಏರ್ ಗನ್‌ನ ದಪ್ಪ ಗೋಡೆಯ ಸಾಕೆಟ್ ಸುತ್ತ ತಾಗಬಹುದು. ಸಾಕೆಟ್‌ನ ಹೊರಗಿನ ಅಗಲವನ್ನೂ ಅಳೆದು ತನ್ನಿ.

ಕಡ್ಡಿ ಚಕ್ರ ಅಂದಾಗ ಇನ್ನೊಂದು ಮಾತು. ಚಕ್ರವನ್ನು ಹಿಡಿದಿರುವ ನಡುವಿನ ದೊಡ್ಡ ನಟ್ (ಇದು ಹಬ್ ನಟ್ ಅಲ್ಲ, ಬೇರೆ) ಈ ಕಾರುಗಳಲ್ಲಿ ಬಲಗಡೆ ಉಲ್ಟಾ ಥ್ರೆಡ್. ಬಿಚ್ಚುತ್ತೇನೆ ಅಂತ ಬಿಗಿ ಮಾಡುತ್ತಾ ನಿಂತವರನ್ನು ಕಂಡಿದ್ದೇನೆ.

ಈಗ ಬಿಗಿಯ ವಿಷಯ. ಎಂಜಿಬಿಯ ಆ ನಟ್‌ಗೆ 150 ಪೌಂಡ್-ಅಡಿ, ಅಂದರೆ ಸುಮಾರು 203 ನ್ಯೂಟನ್ ಮೀಟರ್ ಬೇಕು. ಪಿನ್‌ನ ತೂತು ಸರಿಹೊಂದದಿದ್ದರೆ ಮುಂದಕ್ಕೇ ತಿರುಗಿಸಿ, ಹಿಂದಕ್ಕೆ ಸಡಿಲ ಮಾಡಬೇಡಿ. ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರು, ಅಂದರೆ 986 ಬಂದರೆ ಲೆಕ್ಕ ಬೇರೆಯೇ. ಸಾಕೆಟ್ 32, ಬಿಗಿ 460 ನ್ಯೂಟನ್ ಮೀಟರ್. ಅದೇ ಕಾರಿನ ಚಕ್ರದ ಬೋಲ್ಟ್‌ಗೆ 130 ಸಾಕು. 460 ಅಂದರೆ ಒಂದು ಮೀಟರ್ ಉದ್ದದ ಸರಳಿನ ತುದಿಗೆ 47 ಕೆ.ಜಿ. ತೂಕ ನೇತುಹಾಕಿದ ಹಾಗೆ. ಸರಳು ಅರ್ಧ ಮೀಟರ್ ಆದರೆ 94 ಕೆ.ಜಿ. ಎಷ್ಟೋ ಗ್ಯಾರೇಜ್‌ಗಳಲ್ಲಿರುವ ಅರ್ಧ ಇಂಚಿನ ಚೌಕ ತುದಿಯ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಸುಮಾರು 200ಕ್ಕೇ ನಿಂತುಬಿಡುತ್ತದೆ. ಇಲ್ಲಿ ಮುಕ್ಕಾಲು ಇಂಚಿನದು ಬೇಕು. "ಗನ್ ಹೊಡೆದುಬಿಡೋಣ" ಅನ್ನುವವರಿಗೆ ನನ್ನ ಉತ್ತರ ಒಂದೇ. ಬಿಚ್ಚುವಾಗ, ಅದೂ ಹಳೆ ಬೇರಿಂಗ್ ಎಸೆಯುವುದಿದ್ದರೆ ಹೊಡೆಯಿರಿ. ಬಿಗಿಯುವಾಗ ಬೇಡ. ಎಷ್ಟು ಬಿಗಿಯಾಯಿತು ಅಂತ ಗನ್ ನಿಮಗೆ ಹೇಳುವುದಿಲ್ಲ.

ಇಷ್ಟೊಂದು ಬಿಗಿ ಯಾಕೆ? ಬಾಕ್ಸ್‌ಸ್ಟರ್‌ನಂಥ ಕಾರಿನ ಬೇರಿಂಗ್‌ನಲ್ಲಿ ಒಳಗಿನ ಬಳೆ ಎರಡು ತುಂಡಾಗಿರುತ್ತದೆ. ಆ ಎರಡನ್ನೂ ಒಂದಕ್ಕೊಂದು ಒತ್ತಿ ಹಿಡಿಯುವುದೇ ಈ ನಟ್. ಒತ್ತು ಕಡಿಮೆಯಾದರೆ ಗುಂಡುಗಳು ತಮ್ಮ ದಾರಿ ಬಿಟ್ಟು ಓಡಾಡುತ್ತವೆ. ಮೊದಲು ಸಣ್ಣ ಗುಂಯ್ ಸದ್ದು, ಆಮೇಲೆ ಚಕ್ರ ಅಲುಗಾಟ.

ಅದಕ್ಕೇ ನಟ್ ಸಡಿಲ ಇರುವಾಗ ಕಾರಿನ ಭಾರ ಚಕ್ರದ ಮೇಲೆ ಬೀಳಬಾರದು. ಮೊದಲ ಪಟ್ಟು ಬಿಡಿಸಲು ಚಕ್ರ ನೆಲದ ಮೇಲಿರಲಿ, ನಡುವಿನ ಮುಚ್ಚಳ ತೆಗೆದು ಎಳೆಯಿರಿ. ನಟ್ ಜಗ್ಗಿದ ತಕ್ಷಣ ಜಾಕ್ ಏರಿಸಿ. ಆಮೇಲೆ ಒಂದು ಅಡಿಯೂ ಕಾರು ತಳ್ಳಬೇಡಿ. ವಾಪಸ್ ಹಾಕುವಾಗ ಕಾರು ಮೇಲಿರುವಾಗಲೇ ಒಬ್ಬರು ಬ್ರೇಕ್ ಒತ್ತಿ ಕೂರಲಿ, ಇನ್ನೊಬ್ಬರು ಪೂರ್ತಿ ಬಿಗಿಯಲಿ. ಥ್ರೆಡ್‌ಗೆ ಸುಮ್ನೆ ಎಣ್ಣೆ ಸವರಬೇಡಿ. ಒಣ ಥ್ರೆಡ್‌ಗೆ ಹೇಳಿದ ಅಂಕಿಯನ್ನು ಎಣ್ಣೆ ಹಚ್ಚಿದ ಥ್ರೆಡ್‌ಗೆ ಹಾಕಿದರೆ ಬಿಗಿ ಜಾಸ್ತಿಯಾಗುತ್ತದೆ.

ಅಂಚು ಬಡಿಯುವ ನಟ್ ಆದರೆ ಮೊಂಡು ಮೂತಿಯ ಉಳಿ ತೆಗೆದುಕೊಳ್ಳಿ, ಹರಿತವಾದದ್ದು ಅಂಚನ್ನು ಕತ್ತರಿಸುತ್ತದೆ. ಕೆಲಸ ಮುಗಿದ ಮೇಲೆ ನಟ್‌ನಿಂದ ಶಾಫ್ಟ್‌ವರೆಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ನಟ್ ಕದಲಿದರೆ ಆ ಗೆರೆ ಮುರಿದು ಕಾಣುತ್ತದೆ. ಹಾಕಿದ ನಟ್‌ನ ಹೊರಗಿನ ಸೈಜನ್ನು ಕಾರಿನ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಆ ಕಾರು ಬೇರೆಯವರ ಕೈಗೆ ಹೋದರೆ ಅವರು ಸರಿಯಾದ ಸಾಕೆಟ್ ಹಿಡಿದೇ ಶುರು ಮಾಡಲಿ.