ಹಾಜರಾತಿ ಸಿಗುತ್ತಾ ಅಂತ ಕೇಳಿದವರಿಗೆ

ಮಾಧ್ಯಮ ಜನರ ಕೈಗೂ ಸಿಗಬೇಕು ಎನ್ನುವ ಮಾಧ್ಯಮ ಚಳವಳಿ ಬಗ್ಗೆ ಎಲ್ಲಾದರೂ ಸಮಾವೇಶ ಇದ್ದರೆ ಹೋಗಿ ಬನ್ನಿ ಅಂತ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ. ಅವರ ಮೊದಲ ಪ್ರಶ್ನೆ, ‘ಹಾಜರಾತಿ ಸಿಗುತ್ತಾ?’ ಎರಡನೆಯದು, ‘ಅಲ್ಲಿ ಬರೀ ಭಾಷಣ ತಾನೇ?’ ಬಸ್ ಚಾರ್ಜ್ ಹೊಂದಿಸಿಕೊಂಡು ಓದುವ ಮಕ್ಕಳು ಇದನ್ನು ಕೇಳಲೇಬೇಕು. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ.

ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ರಿಕೆಟ್ ಪಂದ್ಯದ ಪ್ರಸಾರದ ಹಕ್ಕಿನ ಜಗಳದಲ್ಲಿ ಬಂದ ತೀರ್ಪು ಅದು. ಆದರೆ ಹಳ್ಳಿಯ ಜನ ತಮ್ಮದೇ ರೇಡಿಯೋ ನಡೆಸಲು ದಾರಿ ಇರಲಿಲ್ಲ. ಮರುವರ್ಷ ಬೆಂಗಳೂರಿನ ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆ ಒಂದು ಸಭೆ ಕರೆಯಿತು. ರೇಡಿಯೋದವರು, ನೀತಿ ರೂಪಿಸುವವರು, ಸ್ವಯಂಸೇವಾ ಸಂಸ್ಥೆಯವರು ಕೂತು ಮಾತಾಡಿದರು. ಸಮುದಾಯ ರೇಡಿಯೋ, ಅಂದರೆ ಊರಿನ ಜನರೇ ತಮಗಾಗಿ ನಡೆಸುವ ರೇಡಿಯೋ, ಬೇಕು ಎಂಬ ಬೆಂಗಳೂರು ಘೋಷಣೆ ಹೊರಬಂತು. 2000ದಲ್ಲಿ ಈಗಿನ ತೆಲಂಗಾಣದ ಪಸ್ತಾಪುರದಲ್ಲಿ ಇನ್ನೊಂದು ಘೋಷಣೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ಸಿಕ್ಕಿತು. ಜನರ ಸಂಸ್ಥೆಗಳಿಗೆ ಸಿಕ್ಕಿದ್ದು 2006ರ ನವೆಂಬರ್‌ನಲ್ಲಿ. ಸಭೆಯ ಮಾತು ಕಾನೂನಿನ ಹತ್ತಿರ ಬರಲು ಹತ್ತು ವರ್ಷ ಹಿಡಿಯಿತು.

ಆ ಹತ್ತು ವರ್ಷ ಯಾರೂ ಸುಮ್ನೆ ಕೂತಿರಲಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ಗಾಳಿಯಲ್ಲಿ ಪ್ರಸಾರ ಮಾಡಲು ಲೈಸೆನ್ಸ್ ಇಲ್ಲ. ಸರಿ, ಕೇಬಲ್ ತಂತಿಯಲ್ಲೇ ಊರಿನ ಮನೆಗಳಿಗೆ ಧ್ವನಿ ಕಳಿಸಿದರು! ಅತ್ತ ಪಸ್ತಾಪುರದ ಸುತ್ತಮುತ್ತಲಿನ ದಲಿತ ಮಹಿಳೆಯರ ಸಂಘಗಳು ಕಾರ್ಯಕ್ರಮ ಮಾಡುತ್ತಾ ಕಾದು, 2008ರಲ್ಲಿ ‘ಸಂಘಂ ರೇಡಿಯೋ’ ಶುರು ಮಾಡಿದವು. ಇಂಥ ಜಾಣತನ, ಇಂಥ ಹಟ ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಹೋಗುತ್ತದೆ. ಸಮಾವೇಶದಲ್ಲಾದರೆ ಇಂಥ ಕೆಲಸ ಮಾಡಿದವರು ನಿಮ್ಮ ಪಕ್ಕದ ಕುರ್ಚಿಯಲ್ಲೇ ಸಿಗಬಹುದು.

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹಾಗೇ ಆಯಿತು. ಊಟದ ಹೊತ್ತಿನಲ್ಲಿ ಸಮುದಾಯ ರೇಡಿಯೋದ ಹಿರಿಯ ಹೆಂಗಸೊಬ್ಬರು ಅವಳ ಕೈಗೆ ಮೈಕ್ ಕೊಟ್ಟು ‘ಪಪ್ಪಾಯಿ ಅನ್ನು’ ಅಂದರು. ಇಯರ್‌ಫೋನಿನಲ್ಲಿ ಪಟ್ ಪಟ್ ಅಂತ ಗಾಳಿ ಬಡಿಯಿತು. ಆಮೇಲೆ ಮೈಕನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಚೂರು ಪಕ್ಕಕ್ಕೆ ತಿರುಗಿಸಿದರು. ಶಬ್ದ ತಿಳಿಯಾಯಿತು. ಇದನ್ನೇ ನಾನು ತರಗತಿಯಲ್ಲಿ ಬೋರ್ಡ್ ಮೇಲೆ ಬರೆದು ಹೇಳಿದ್ದೆ. ಅವಳಿಗೆ ನಾಟಿದ್ದು ಆ ಊಟದ ಹೊತ್ತಿನಲ್ಲಿ.

ಹೋಗುವಾಗ ನಿಮ್ಮೂರಿನ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ಉದಾಹರಣೆಗೆ, ಸಮುದಾಯ ರೇಡಿಯೋಗಳು ತಮ್ಮದೇ ಸುದ್ದಿ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಇದ್ದ ಹಾಗೆ ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ಕೇಳಿಸಬಹುದು, ಅಷ್ಟೇ. ಹಾಗಾದರೆ ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬಂದಿಲ್ಲ ಎಂದರೆ ಅದು ಸುದ್ದಿಯಾ, ಮಾಹಿತಿಯಾ? ಗೆರೆ ಎಲ್ಲಿದೆ? ಇದು ಅನ್ಯಾಯದ ನಿಯಮ ಎಂದೇ ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ, ದಿನಾ ಅದರೊಳಗೆ ಕೆಲಸ ಮಾಡುವವರನ್ನು ಕೇಳಿ. ವೇದಿಕೆಯ ಮೇಲೆ ಉತ್ತರ ಸಿಗದಿದ್ದರೆ ಟೀ ಹೊತ್ತಿನಲ್ಲಿ ಹಿಡಿಯಿರಿ. ನಾಚಿಕೆ ಬೇಡ. ಇಂಗ್ಲಿಷ್ ಬರಲ್ಲ ಅಂತ ಹಿಂದಿನ ಸಾಲಲ್ಲಿ ಕೂರಬೇಡಿ, ಕನ್ನಡದಲ್ಲೇ ಕೇಳಿ.

ಇನ್ನು ಹಾಜರಾತಿ. ಅಧ್ಯಾಪಕ ಗೆಳೆಯರೇ, ದಯವಿಟ್ಟು ಕೊಡಿ. ವಾಪಸ್ ಬಂದ ಮಕ್ಕಳು ಐದು ನಿಮಿಷದ ಒಂದು ಸಂದರ್ಶನವನ್ನು ತರಗತಿಯಲ್ಲಿ ಕೇಳಿಸಲಿ, ಅಷ್ಟು ಸಾಕು. ವಿದ್ಯಾರ್ಥಿಗಳೇ, ಹಿಂದಿನ ರಾತ್ರಿಯೇ ಮೊಬೈಲ್ ಚಾರ್ಜ್‌ಗೆ ಹಾಕಿ. ಇಯರ್‌ಫೋನ್ ಮರೀಬೇಡಿ.