ಶೇಡಿಮಣ್ಣಿನಡಿ ಏನಿದೆ? ಅಗೆಯದೆ ನೋಡುವ ರಾಡಾರಿನ ಕಥೆ

ಮಂಗಳೂರಿನ ನಮ್ಮ ಓಣಿಗೆ ಕೇಬಲ್ ಹಾಕಲು ಬಂದವರು ಮೊದಲ ದಿನವೇ ಕುಡಿಯುವ ನೀರಿನ ಪೈಪ್ ಒಡೆದರು. ನಾಲ್ಕು ದಿನ ನಲ್ಲಿಯಲ್ಲಿ ನೀರಿಲ್ಲ. ಪೈಪ್ ಎಲ್ಲಿ ಹೋಗುತ್ತದೆ ಅಂತ ಪಕ್ಕದ ಮನೆಯ ಅಜ್ಜನಿಗೆ ಗೊತ್ತಿತ್ತು. ಅವರನ್ನು ಕೇಳಿದವರೇ ಇಲ್ಲ. ಅಂದು ಸಿಟ್ಟಿನಲ್ಲಿ ಓದಲು ಕೂತ ವಿಷಯ ಇದು.

ನೆಲ ಅಗೆಯದೆ ಒಳಗೆ ನೋಡುವ ಉಪಕರಣ ಇದೆ. ಗ್ರೌಂಡ್ ಪೆನೆಟ್ರೇಟಿಂಗ್ ರಾಡಾರ್, ಚಿಕ್ಕದಾಗಿ ಜಿಪಿಆರ್. ಕರಾವಳಿಯಲ್ಲಿ ಈ ಹೆಸರು ಮನೆಮಾತಾಗಿದ್ದು ನೋವಿನ ಸುದ್ದಿಗಳ ಜೊತೆಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಣ್ಣಿನಡಿ ಲಾರಿ ಹುಡುಕಲು ರಾಡಾರ್ ತಂದರು. 2025ರ ಆಗಸ್ಟ್‌ನಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಹೂತಿದ್ದಾರೆ ಎಂಬ ದೂರಿನ ತನಿಖೆಗೆ ಎಸ್‌ಐಟಿ (ವಿಶೇಷ ತನಿಖಾ ತಂಡ) ಡ್ರೋನ್‌ಗೆ ಕಟ್ಟಿದ ಜಿಪಿಆರ್ ಬಳಸಿತು. ಎರಡೂ ಸಲ ಟಿವಿ ನೋಡುತ್ತಿದ್ದ ನಾವು ಎಕ್ಸ್‌ರೇ ಹಾಗೆ ಎಲ್ಲ ಕಾಣುತ್ತದೆ ಅಂದುಕೊಂಡೆವು. ಅದು ಹಾಗಲ್ಲ.

ಇದು ಹೊಸ ವಿದ್ಯೆಯೂ ಅಲ್ಲ. ರೇಡಿಯೊ ಅಲೆ ಹಡಗಿಗೆ ತಾಗಿ ಹಿಂದೆ ಬರುವುದನ್ನು ಜರ್ಮನಿಯ ಕ್ರಿಸ್ಟಿಯನ್ ಹ್ಯುಲ್ಸ್‌ಮೈಯರ್ 1904ರಲ್ಲೇ ತೋರಿಸಿದ್ದರು. 1910ರಲ್ಲಿ ಲೈಂಬಾಖ್ ಮತ್ತು ಲ್ಯೋವಿ ಎಂಬ ಇಬ್ಬರು ವಿಜ್ಞಾನಿಗಳು ಅದೇ ಅಲೆಯಿಂದ ನೆಲದೊಳಗೆ ಹುಡುಕುವ ದಾರಿಗೆ ಪೇಟೆಂಟ್ ಪಡೆದರು. 1929ರಲ್ಲಿ ಆಸ್ಟ್ರಿಯಾದ ಒಂದು ಹಿಮನದಿಯ ಆಳ ಅಳೆದದ್ದೂ ಆಯಿತು. ಆಮೇಲೆ ಬಹಳ ವರ್ಷ ಹೆಚ್ಚಿನವರು ಇತ್ತ ತಿರುಗಿ ನೋಡಲಿಲ್ಲ.

ನೆನಪಿಸಿದ್ದು ಒಂದು ಅಪಾಯ. 1950ರ ದಶಕದಲ್ಲಿ ಗ್ರೀನ್‌ಲ್ಯಾಂಡ್ ಮೇಲೆ ಹಾರುವ ಅಮೆರಿಕದ ವಿಮಾನಗಳಲ್ಲಿ ಎತ್ತರ ತೋರಿಸುವ ರಾಡಾರ್ ತಪ್ಪು ಹೇಳತೊಡಗಿತು. ಅಲೆ ಹಿಮದ ಮೇಲ್ಮೈಯಲ್ಲಿ ನಿಲ್ಲದೆ ಒಳಗೆ ಇಳಿಯುತ್ತಿತ್ತು. ಹಾಗಾಗಿ ನೆಲ ಇನ್ನೂ ದೂರ ಇದೆ ಎಂದು ಪೈಲಟ್‌ಗೆ ಅನಿಸುತ್ತಿತ್ತು. ಆ ತಪ್ಪಿನಿಂದಲೇ ಹಿಮದ ದಪ್ಪ ಅಳೆಯುವ ಕೆಲಸ ಬೆಳೆಯಿತು. 1972ರಲ್ಲಿ ಅಪೊಲೊ 17 ಚಂದ್ರನ ನೆಲದೊಳಗೂ ರೇಡಿಯೊ ಅಲೆ ಕಳಿಸಿತು.

ಉಪಕರಣ ನೋಡಲು ಹುಲ್ಲು ಕತ್ತರಿಸುವ ಗಾಡಿಯಂತೆ ಇರುತ್ತದೆ. ತಳ್ಳುತ್ತಾ ಹೋದಂತೆ ಸಣ್ಣ ಸಣ್ಣ ಅಲೆಗಳನ್ನು ಕೆಳಗೆ ಬಿಡುತ್ತದೆ. ಮಣ್ಣಿನ ಗುಣ ಬದಲಾಗುವಲ್ಲಿ ಒಂದಷ್ಟು ಅಲೆ ವಾಪಸ್ ಬರುತ್ತದೆ. ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕಬೇಕು. ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಗಾಳಿಯಲ್ಲಿ 30 ಸೆಂಟಿಮೀಟರ್ ಓಡುತ್ತದೆ. ಒಣ ಮರಳಿನಲ್ಲಿ ಸುಮಾರು 15. ನೀರಿನಲ್ಲಿ 3ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮಣ್ಣು ಎಷ್ಟು ಒದ್ದೆ ಅಂತ ಗೊತ್ತಿಲ್ಲದಿದ್ದರೆ ಆಳದ ಲೆಕ್ಕವೇ ತಪ್ಪುತ್ತದೆ.

ತೆರೆಯ ಮೇಲೆ ಪೈಪ್ ಪೈಪಿನಂತೆ ಕಾಣುವುದಿಲ್ಲ, ಕಮಾನಿನಂತೆ ಕಾಣುತ್ತದೆ. ಗಾಡಿ ಪೈಪಿನ ನೆತ್ತಿಗೆ ಬರುವ ಮೊದಲೇ ಓರೆಯಾಗಿ ಹೋದ ಅಲೆ ಅದಕ್ಕೆ ತಾಗಿರುತ್ತದೆ. ಆಗ ದೂರ ಹೆಚ್ಚು. ನೆತ್ತಿಗೆ ಬಂದಾಗ ಕಡಿಮೆ. ದಾಟಿದ ಮೇಲೆ ಮತ್ತೆ ಹೆಚ್ಚು. ಹೀಗೆ ಕಮಾನು ಮೂಡುತ್ತದೆ. ಆದರೆ ದೊಡ್ಡ ಕಲ್ಲೂ ಕಮಾನು ಬಿಡಿಸುತ್ತದೆ, ಮರದ ಬೇರೂ ಬಿಡಿಸುತ್ತದೆ. ಓದಲು ಪಳಗಿದ ಕಣ್ಣು ಬೇಕು.

ಈಗ ನಮ್ಮ ನೆಲಕ್ಕೆ ಬರೋಣ. ಮಂಗಳೂರು, ಉಡುಪಿಯಲ್ಲಿ ಮೇಲೆ ಕೆಂಪು ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಬಹಳ ಕಡೆ ಶೇಡಿಮಣ್ಣು. ಬಾವಿ ತೋಡಿಸಿದವರಿಗೆಲ್ಲ ಗೊತ್ತು, ಶೇಡಿ ಬಂತೆಂದರೆ ಗುದ್ದಲಿಗೆ ಬೆಣ್ಣೆಯಂತೆ ಅಂಟುತ್ತದೆ. ಇಂಥ ಜಿಗುಟು ಮಣ್ಣಿನಲ್ಲಿ ನೀರು ಸೇರಿದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಅಲೆಯ ಬಲವನ್ನೆಲ್ಲ ಅದು ಹೀರಿಬಿಡುತ್ತದೆ. ಪೈಪ್ ಹುಡುಕಲು ಬಳಸುವ 400 ಮೆಗಾಹರ್ಟ್ಸ್ (ಸೆಕೆಂಡಿಗೆ 40 ಕೋಟಿ ಸಲ ಕಂಪಿಸುವ) ಅಲೆ ಒಣ ಮರಳಿನಲ್ಲಿ ಕೆಲವು ಮೀಟರ್ ಇಳಿದೀತು. ಒದ್ದೆ ಜೇಡಿಯಲ್ಲಿ ಒಂದು ಮೀಟರ್ ದಾಟುವುದೂ ಕಷ್ಟ. ಕಡಿಮೆ ಮೆಗಾಹರ್ಟ್ಸ್ ಬಳಸಿದರೆ ಆಳ ಸಿಗುತ್ತದೆ, ಆದರೆ ಸಣ್ಣ ವಸ್ತು ಕಾಣದೆ ಹೋಗುತ್ತದೆ. ಮಲ್ಪೆಯ, ಬೆಂಗ್ರೆಯ ಕಡಲತೀರದ ಮರಳು ಒಳ್ಳೆಯದು ಅಲ್ವಾ ಅನ್ನಬಹುದು. ಒಣಗಿದ್ದಷ್ಟು ಆಳಕ್ಕೆ ಹೌದು. ಉಪ್ಪುನೀರು ಸಿಕ್ಕಿದಲ್ಲಿಗೆ ಅಲೆಯ ಆಟ ಮುಗಿಯಿತು.

ಅಂದರೆ ನಮ್ಮಲ್ಲಿ ಗುಡ್ಡ ಕುಸಿಯುವುದು ಯಾವ ಕಾಲದಲ್ಲೋ, ರಾಡಾರ್ ಕುರುಡಾಗುವುದೂ ಅದೇ ಕಾಲದಲ್ಲಿ. ಶಿರೂರಿನ ಲಾರಿ ಕೊನೆಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯೊಳಗೆ. ಎರಡು ತಿಂಗಳು ಕಾದ ಆ ಲಾರಿ ಚಾಲಕನ ಮನೆಯವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಗೋಡೆಯಾಚೆ ನೋಡುವುದೂ ಇದೇ ವಿದ್ಯೆ. ಕಲ್ಲುಮಣ್ಣಿನಡಿ ಸಿಕ್ಕಿಕೊಂಡವರ ಎದೆಬಡಿತ, ಉಸಿರಾಟದ ಸಣ್ಣ ಅಲುಗಾಟವನ್ನೂ ಹಿಡಿಯಬಹುದು. 2015ರ ನೇಪಾಳ ಭೂಕಂಪದಲ್ಲಿ ನಾಸಾದ ಫೈಂಡರ್ ಎಂಬ ಉಪಕರಣ ನಾಲ್ಕು ಜನರನ್ನು ಹೀಗೆ ಪತ್ತೆ ಮಾಡಿತು. ನಾಲ್ವರೂ ಬದುಕಿದರು. ಆದರೆ ಲೋಹದ ತಗಡು ಅಡ್ಡ ಬಂದರೆ ಅಲೆ ದಾಟುವುದಿಲ್ಲ. ಮಳೆಗಾಲದಲ್ಲಿ ನೀರು ಕುಡಿದ ನಮ್ಮ ದಪ್ಪ ಮುರಕಲ್ಲಿನ ಗೋಡೆಯೂ ಸುಲಭದ್ದಲ್ಲ.

ರಸ್ತೆಯ ಕೆಲಸಕ್ಕಾದರೆ ನಾವು ಕಾಲ ಆರಿಸಿಕೊಳ್ಳಬಹುದು. ಪೈಪುಗಳು ಹೆಚ್ಚಾಗಿ ಮೇಲಿನ ಒಂದೆರಡು ಮೀಟರಿನಲ್ಲೇ ಇರುತ್ತವೆ. ಫೆಬ್ರವರಿಯಿಂದ ಮೇ ತನಕ ನೆಲ ಒಣಗಿರುತ್ತದೆ. ಆಗ ಸ್ಕ್ಯಾನ್ ಮಾಡಿ, ಸಿಕ್ಕಿದ್ದನ್ನು ನಕ್ಷೆಯಲ್ಲಿ ಬರೆದಿಟ್ಟರೆ ಎಷ್ಟು ನೀರು, ಎಷ್ಟು ದುಡ್ಡು ಉಳಿಯುತ್ತದೆ! ಕೊಚ್ಚಿಯಿಂದ ಮಂಗಳೂರಿಗೆ ಗ್ಯಾಸ್ ಪೈಪ್‌ಲೈನ್ 2021ರಲ್ಲೇ ಬಂದಿದೆ. ನೆಲದಡಿ ಈಗ ಇರುವುದು ನೀರಿನ ಪೈಪ್ ಮಾತ್ರವಲ್ಲ. ಅಗೆಯುವ ಮೊದಲು ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿತು. ಅದಕ್ಕೂ ಮೊದಲು ಬೇಕಾದದ್ದು ಕೆಳಗೆ ಏನಿದೆ ಎಂಬ ಸರಿಯಾದ ದಾಖಲೆ.

ನಮ್ಮ ಓಣಿಯ ದಾಖಲೆಯನ್ನು ಪಕ್ಕದ ಮನೆಯ ಅಜ್ಜನಿಂದಲೇ ಶುರು ಮಾಡಿದೆ. ಒಂದು ಭಾನುವಾರ ಅವರ ಜೊತೆ ನಡೆದು, ಅವರು ಕೋಲು ಊರಿದಲ್ಲೆಲ್ಲ ಟೇಪ್ ಹಿಡಿದು ಅಳೆದೆ. ವಾಲ್ವ್ ಎಲ್ಲಿ, ತಿರುವು ಎಲ್ಲಿ, ಹಳೆಯ ಮುಚ್ಚಿದ ಬಾವಿ ಎಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು, ಓಣಿಯ ಪ್ರತಿ ಮನೆಗೂ ಒಂದು ಜೆರಾಕ್ಸ್ ಕೊಟ್ಟಿದ್ದೇನೆ.